ಮೂರು ಪೆಡಲು, ಎರಡು ಪಾದ

ಚಿಕ್ಕ ಕಾರಿನಲ್ಲಿ ಬ್ರೇಕಿಗೂ ಆಕ್ಸಿಲರೇಟರಿಗೂ ನಡುವೆ ಎಷ್ಟು ಜಾಗ ಬಿಡಬೇಕೆಂದು ಗೊತ್ತು ಮಾಡಿದ ಮಹಾನುಭಾವ ಯಾರೋ ತಿಳಿಯದು. ಅವನ ಪಾದ ಚಿಕ್ಕದಿತ್ತು ಎಂಬುದಂತೂ ಖಂಡಿತ. ತನ್ನ ಪಾದವನ್ನೇ ನೋಡಿಕೊಂಡು ಲೋಕದವರಿಗೆಲ್ಲ ಪೆಡಲು ಹಾಕಿಬಿಟ್ಟ. ಅದರ ಫಲ ಉಣ್ಣಬೇಕಾಗಿ ಬಂದದ್ದು ದೋಣಿಗೆ.

ದೋಣಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ತೂಕದ ಯಂತ್ರಗಳನ್ನು ಮಾರುವ ಕಂಪನಿಯ ಉಗ್ರಾಣಕ್ಕೆ ಗುಮಾಸ್ತನಾಗಿ ಸೇರಿದ ಹೊಸದರಲ್ಲೇ ಅದು ಹೋಯಿತು. ಬಾಗಿಲ ಬಳಿ ಬಿಚ್ಚಿಟ್ಟಿದ್ದ ಅವನ ಚಪ್ಪಲಿಗಳನ್ನು ನೋಡಿ ಯಾರೋ, "ಇದ್ಯಾರಪ್ಪ ಇಲ್ಲಿ ದೋಣಿ ಕಟ್ಟಿರೋರು?" ಅಂದರು. ಅಲ್ಲಿಂದ ಅದೇ ಹೆಸರು ನಿಂತಿತು. ಹೊಸದಾಗಿ ಬಂದವರು ಮರ್ಯಾದೆ ಕೊಟ್ಟು "ದೋಣಿಯವರೇ" ಅನ್ನುತ್ತಿದ್ದರು. ಅದು ಇನ್ನೂ ಕೆಟ್ಟದಾಗಿ ಕೇಳಿಸುತ್ತಿತ್ತು. ಅವನು ನಕ್ಕು ಸುಮ್ಮನಾಗುತ್ತಿದ್ದ. ನಗುವುದು ಬಿಟ್ಟರೆ ಗುಮಾಸ್ತನಿಗೆ ಬೇರೆ ದಾರಿ ಇರುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಗಾದೆ ಮಾಡಿದವರೂ ಅವನನ್ನು ನೋಡಿದವರಲ್ಲ. ಯಾವ ಹಾಸಿಗೆಯಲ್ಲಿ ಮಲಗಿದರೂ ಅವನ ಪಾದಗಳು ಆಚೆಗೇ ಇರುತ್ತಿದ್ದವು. ಅಂಗಡಿಗಳಲ್ಲಿ ಅವನ ಅಳತೆಯ ಶೂ ಸಿಗುತ್ತಿರಲಿಲ್ಲ. ಹೇಳಿ ಮಾಡಿಸಲು ಹೋದರೆ ಚಮ್ಮಾರ ಅವನ ಪಾದವನ್ನೂ ತನ್ನ ಚರ್ಮವನ್ನೂ ಒಮ್ಮೆ ನೋಡಿ, "ಇಷ್ಟರಲ್ಲಿ ಗಂಡ ಹೆಂಡತಿ ಇಬ್ಬರಿಗೂ ಆಗ್ತಿತ್ತು" ಎಂದು ನಿಟ್ಟುಸಿರು ಬಿಟ್ಟಿದ್ದ. ಆದರೂ ಒಂದು ಜೊತೆ ಕಪ್ಪು ಶೂ ಮಾಡಿಸಿಕೊಂಡಿದ್ದ. ಆಫೀಸರ್ ಆಗುವವನಿಗೆ ಒಳ್ಳೆಯ ಶೂ ಇರಬೇಕು ಎಂಬುದು ಹೆಂಡತಿಯ ಹಟ.

ಉಗ್ರಾಣ ಇದ್ದದ್ದು ನೆಲಮಾಳಿಗೆಯಲ್ಲಿ. ಕಿಟಕಿ ಇರಲಿಲ್ಲ. ರಟ್ಟಿನ ಪೆಟ್ಟಿಗೆ, ಅದರೊಳಗಿನ ಹೊಟ್ಟು, ಹೊಟ್ಟಿನ ಧೂಳು, ಆ ಧೂಳಿನ ನಡುವೆ ದೋಣಿ. ವರ್ಷಗಟ್ಟಲೆ ಅದನ್ನೇ ಕುಡಿದು ಅವನಿಗೆ ಬಿಡದ ಕೆಮ್ಮು ಅಂಟಿಕೊಂಡಿತ್ತು. ಔಷಧಿ ಬರೆದುಕೊಟ್ಟ ಡಾಕ್ಟರು, "ಇದೆಲ್ಲ ಸುಮ್ಮನೆ. ಮೊದಲು ಆ ಗುಹೆಯಿಂದ ಹೊರಗೆ ಬನ್ನಿ" ಅಂದಿದ್ದರು. ಹೊರಗೆ ಬರುವ ದಾರಿ ಒಂದೇ ಇತ್ತು. ಅಂಗಡಿಗಳಿಗೆ ಹೋಗಿ ಬರುವ ಸೇಲ್ಸ್ ಆಫೀಸರನ ಜಾಗ ಖಾಲಿಯಾಗಿತ್ತು. ಮಹಡಿಯ ಮೇಲೆ ಕಿಟಕಿಯಿರುವ ಕೋಣೆ, ಒಳ್ಳೆಯ ಗಾಳಿ, ದಿನಾ ಊರು ಸುತ್ತುವ ಕೆಲಸ. ಷರತ್ತು ಒಂದೇ: ಕಂಪನಿಯ ಕಾರನ್ನು ಆಫೀಸರ್ ತಾನೇ ಓಡಿಸಿಕೊಂಡು ಹೋಗಬೇಕು. ಇಡೀ ಆಫೀಸಿನಲ್ಲಿ ಲೈಸೆನ್ಸ್ ಇದ್ದವನು ದೋಣಿ ಒಬ್ಬನೇ.

"ನಾಳೆ ಮಧ್ಯಾಹ್ನ ನನ್ನನ್ನ ಹೊಸ ಡಿಪೋಗೆ ಕರ್ಕೊಂಡು ಹೋಗಿ. ನಿಮ್ಮ ಕೈ ಹೇಗಿದೆ ನೋಡೋಣ" ಎಂದು ಮ್ಯಾನೇಜರ್ ಹೇಳಿದ್ದರು.

ಕೈಗೇನೂ ಆಗಿರಲಿಲ್ಲ. ತೊಂದರೆ ಇದ್ದದ್ದು ಕಾಲಿನದು. ದೋಣಿ ಡ್ರೈವಿಂಗ್ ಕಲಿತದ್ದು ಭಾವನ ಲಾರಿಯಲ್ಲಿ. ಅದರ ಪೆಡಲುಗಳು ಮಣೆಯಷ್ಟು ಅಗಲ, ಒಂದಕ್ಕೊಂದು ದೂರ. ಕಂಪನಿಯ ಕಾರು ಬೆಂಕಿಪೆಟ್ಟಿಗೆಯಷ್ಟಿತ್ತು.

ಅದಕ್ಕೇ ಅವನು ಬೆಳಗ್ಗೆ ಬೇಗ ಎದ್ದು ಪಕ್ಕದ ಮನೆಯವರ ಮೊರೆ ಹೋದ. ಆ ಮುದುಕರು ಜೀವನವಿಡೀ ಬಸ್ಸು ಓಡಿಸಿ ನಿವೃತ್ತರಾದವರು. ಬೀದಿಯವರೆಲ್ಲ ಅವರನ್ನು ಬಸ್ಸಣ್ಣ ಅನ್ನುತ್ತಿದ್ದರು. ಅವರ ಅಳಿಯನ ಚಿಕ್ಕ ಕಾರು ಮನೆ ಮುಂದೆ ಮುಸುಕು ಹೊದ್ದು ನಿಂತಿತ್ತು. ಯಾರಿಗಾದರೂ ಪಾಠ ಹೇಳಲು ಸಿಕ್ಕೀತೇ ಎಂದು ಕಾದಿದ್ದ ಬಸ್ಸಣ್ಣ ತಕ್ಷಣ ಮುಸುಕು ತೆಗೆದರು.

"ಕ್ಲಚ್ ಒತ್ತು. ಒತ್ತಿದ್ಯಾ? ಗೇರ್ ಹಾಕು. ಈಗ ಮೆಲ್ಲಗೆ ಬಿಡು. ಮಗು ಮಲಗಿಸ್ತೀಯಲ್ಲ, ಹಾಗೆ."

ದೋಣಿ ಎಡಗಾಲನ್ನು ಎತ್ತಿದ. ಎತ್ತಿದ್ದೇ ತಡ ಶೂವಿನ ಮೂತಿ ಮೇಲಿನ ತಗಡಿಗೆ ಹೋಗಿ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಎಳೆದಾಗ ಮಂಡಿ ಸ್ಟೀರಿಂಗಿಗೆ ಬಡಿದು ಹಾರ್ನ್ ಕೂಗಿತು. ಬೀದಿಯ ಕಿಟಕಿಗಳೆಲ್ಲ ತೆರೆದವು. ಕಾರು ಹೇಗೋ ಹೊರಟಿತು. ನಾಲ್ಕು ಮನೆ ದಾಟುವಷ್ಟರಲ್ಲಿ ಎದುರಿಗೆ ಸೈಕಲ್ಲೊಂದು ಬಂತು.

"ಬ್ರೇಕ್ ಒತ್ತಯ್ಯಾ" ಎಂದರು ಬಸ್ಸಣ್ಣ.

ಅವನು ಒತ್ತಿದ. ಬ್ರೇಕ್ ಒತ್ತಿದ ಶೂವಿನ ಬಲ ಅಂಚು ಆಕ್ಸಿಲರೇಟರನ್ನೂ ಒತ್ತಿತು. ಕಾರು ನಿಲ್ಲಲೋ ಓಡಲೋ ತಿಳಿಯದೆ ಅಲ್ಲೇ ನಿಂತು ಗರ್ಜಿಸಿತು. ಸೈಕಲ್ಲಿನವನು ಸೈಕಲ್ಲನ್ನು ಅಲ್ಲೇ ಬಿಟ್ಟು ಗೋಡೆ ಹತ್ತಿದ. ಹೆದರಿದ ದೋಣಿ ಕಾಲು ಎತ್ತಲು ಹೋದ. ಬ್ರೇಕಿನ ಮೇಲಿಂದ ಎದ್ದ ಕಾಲು ಆಕ್ಸಿಲರೇಟರಿನ ಮೇಲಿಂದ ಏಳಲಿಲ್ಲ. ಕಾರು ಪಕ್ಕಕ್ಕೆ ನೆಗೆದು ಕಸದ ಡ್ರಮ್ಮನ್ನು ಗುದ್ದಿ ಎಂಜಿನ್ ಆಫ್ ಮಾಡಿಕೊಂಡಿತು. ಡ್ರಮ್ಮು ಬೀದಿಯುದ್ದಕ್ಕೂ ಉರುಳಿಕೊಂಡು ಹೋಗಿ ದಾರಿಯಲ್ಲಿ ಎಲ್ಲರ ಮನೆಗೂ ಅವರವರ ಕಸವನ್ನು ಹಿಂದಿರುಗಿಸಿತು.

"ಒಂದೇ ಕಾಲಲ್ಲಿ ಬ್ರೇಕೂ ಆಕ್ಸಿಲರೇಟರೂ ಒಟ್ಟಿಗೆ ಒತ್ತೋರನ್ನ ನನ್ನ ಸರ್ವೀಸಲ್ಲೇ ನೋಡಿರ್ಲಿಲ್ಲ" ಎಂದು ಬಸ್ಸಣ್ಣ ಒಂದು ಬಗೆಯ ಗೌರವದಿಂದಲೇ ಹೇಳಿದರು.

ಬೀದಿ ನೆರೆಯಿತು. ಬುದ್ಧಿ ಹೇಳುವ ಕೆಲಸಕ್ಕೆ ನಮ್ಮಲ್ಲಿ ಜನಕ್ಕೆ ಬರವಿಲ್ಲ. ಬರಿಗಾಲಲ್ಲಿ ಓಡಿಸು ಅಂದರು ಒಬ್ಬರು. ಬರಿಗಾಲು ಜಾರುತ್ತೆ, ಸಾಕ್ಸ್ ಇರಲಿ ಅಂದರು ಇನ್ನೊಬ್ಬರು. ಬಲಗಾಲನ್ನು ಅಡ್ಡ ಇಡು, ಎಡಗಾಲನ್ನು ಮಡಚಿ ಸೀಟಿನ ಮೇಲಿಟ್ಟುಕೋ, ಕ್ಲಚ್ಚನ್ನು ಯಾಕೆ ಅಷ್ಟು ಸಲ ಒತ್ತುತ್ತೀಯ ಅಂದವರು ಜೀವನದಲ್ಲಿ ಕಾರಿನ ಮುಂದಿನ ಸೀಟನ್ನೇ ಕಂಡವರಲ್ಲ. ಹೆಂಡತಿ ಮಾತ್ರ ಗೇಟಿನ ಬಳಿ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಸುಮ್ಮನೆ ನಿಂತಿದ್ದಳು. ಅವನು ಒಳಗೆ ಬಂದ ಮೇಲೆ ಹೇಳಿದಳು.

"ನಾನು ಅಕ್ಕಂಗೆ ಹೇಳಿಬಿಟ್ಟಿದೀನಿ ರೀ."

"ಏನಂತ?"

"ನೀವು ಆಫೀಸರ್ ಆದ್ರಿ ಅಂತ."

"ಇನ್ನೂ ಆಗಿಲ್ವಲ್ಲೇ."

"ರಾತ್ರಿಯೆಲ್ಲ ನಿದ್ದೇಲೂ ಕೆಮ್ತಾ ಇದ್ರಿ. ಕೇಳಿಸ್ಕೊಳ್ಳೋಕೆ ಆಗ್ಲಿಲ್ಲ. ಬೆಳಗ್ಗೆ ಎದ್ದು ಫೋನ್ ಮಾಡಿ ಹೇಳ್ಬಿಟ್ಟೆ. ಹೇಳಿದ ಮೇಲಾದ್ರೂ ಆಗ್ಲಿ ಅಂತ."

ಅವಳ ಮೇಲೆ ರೇಗಬೇಕೆಂದುಕೊಂಡ. ರೇಗಲು ಬಾಯಿ ತೆರೆದರೆ ಬಂದದ್ದು ಕೆಮ್ಮು. ಅವಳು ಒಂದು ಲೋಟ ಬಿಸಿನೀರು ತಂದು ಕೈಗಿಟ್ಟು ಬಟ್ಟೆ ಹರವಲು ಹೋದಳು.

ಆಫೀಸಿಗೆ ಬಂದರೆ ಸುದ್ದಿ ಅವನಿಗಿಂತ ಮೊದಲೇ ಬಂದು ಕುಳಿತಿತ್ತು. ಲೆಕ್ಕಪತ್ರದ ವಿಭಾಗದ ನಗುಮುಖ ಮೆಟ್ಟಿಲ ಬಳಿಯೇ ಕಾಯುತ್ತಿದ್ದ. ಯಾರು ಸತ್ತರೂ ಯಾರು ಹುಟ್ಟಿದರೂ ಅವನ ಮುಖದಲ್ಲಿ ಒಂದೇ ನಗು ಇರುತ್ತಿದ್ದುದರಿಂದ ಆ ಹೆಸರು. ಮನುಷ್ಯ ಕೆಟ್ಟವನಲ್ಲ, ಎಲ್ಲದಕ್ಕೂ ಮೂಗು ತೂರಿಸುವವನು, ಅಷ್ಟೆ.

"ದೋಣಿ, ನೀನು ಆಫೀಸರ್ ಆದ್ರೆ ನಂಗೇ ಹೆಚ್ಚು ಖುಷಿ. ನಂಗಂತೂ ಸೈಕಲ್ ಬ್ಯಾಲೆನ್ಸೂ ಬರಲ್ಲ, ಆ ಕೆಲಸದ ಆಸೇನೂ ಇಲ್ಲ" ಎಂದ ನಗುಮುಖ. "ನಿನ್ನ ತೊಂದರೆ ನಂಗೆ ಅರ್ಥ ಆಯ್ತು. ಶೂ ದಪ್ಪ. ತಗೋ, ನಂದು ಹಾಕ್ಕೋ. ಅಡಿ ಕಾಗದದ ಹಾಗಿದೆ."

"ನಿಂದು ನಂಗೆ ಹಿಡಿಯುತ್ತಾ?"

"ಹಿಡಿಸಿದ್ರೆ ಹಿಡಿಯುತ್ತೆ."

ಇಬ್ಬರು ಸೇರಿ ಹಿಡಿಸಿದರು. ನಗುಮುಖ ಕೂತು ತಳ್ಳಿದ, ದೋಣಿ ನಿಂತು ತುಳಿದ. ಬೆರಳುಗಳೆಲ್ಲ ಮಡಚಿಕೊಂಡು ಒಂದರ ಮೇಲೊಂದು ಹತ್ತಿ ಕುಳಿತವು. ಕಣ್ಣಲ್ಲಿ ನೀರು ತುಂಬಿಕೊಂಡೇ ದೋಣಿ ಅಂಗಳಕ್ಕೆ ಬಂದು ಕಂಪನಿಯ ಕಾರಿನಲ್ಲಿ ಕುಳಿತ. ಶೂ ಚಿಕ್ಕದಾದದ್ದು ನಿಜ. ಆದರೆ ಅದರೊಳಗಿನ ಕಾಲು ಎಲ್ಲಿದೆ ಎಂಬುದೇ ಅವನಿಗೆ ತಿಳಿಯಲಿಲ್ಲ. ಕ್ಲಚ್ಚಿನ ಮೇಲಿಂದ ಕಾಲು ಜಾರಿತು. ಕಾರು ಕಪ್ಪೆಯಂತೆ ಕುಪ್ಪಳಿಸಿತು. ವಾಚ್‌ಮನ್ ಆಗಷ್ಟೇ ಯಾರಿಗೋ ಸಲಾಮು ಹೊಡೆಯಲು ಎದ್ದಿದ್ದ. ಅವನು ಬದುಕಿದ. ಕುರ್ಚಿ ಉಳಿಯಲಿಲ್ಲ.

ಸಲಾಮು ಹೊಡೆಸಿಕೊಂಡವರು ಮ್ಯಾನೇಜರ್. ಅವರು ಮುರಿದ ಕುರ್ಚಿಯನ್ನು ನೋಡಿದರು, ದೋಣಿಯ ಕಾಲಿನಲ್ಲಿದ್ದ ಪುಟ್ಟ ಶೂಗಳನ್ನು ನೋಡಿದರು, ಆಮೇಲೆ ತಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡರು. ಮ್ಯಾನೇಜರಿಗೆ ಬೆನ್ನುನೋವು. ಆಫೀಸಿನಲ್ಲಿ ಎಲ್ಲ ತೀರ್ಮಾನಗಳೂ ಆ ಬೆನ್ನನ್ನು ಕೇಳಿಯೇ ಆಗುತ್ತಿದ್ದವು. ಕುರ್ಚಿ, ಮೇಜು, ಮೀಟಿಂಗಿನ ಹೊತ್ತು, ಯಾರಿಗೆ ರಜೆ, ಯಾರಿಗೆ ಬೈಗುಳ, ಎಲ್ಲ.

"ನೋಡಿ, ಮಧ್ಯಾಹ್ನ ಹಿಂದಿನ ಸೀಟಲ್ಲಿ ನಾನಿರ್ತೀನಿ" ಎಂದರು. "ಒಂದೇ ಒಂದು ಸಲ ನನ್ನ ಬೆನ್ನು ಚಳಕ್ ಅಂದ್ರೆ ನೀವು ಉಗ್ರಾಣದಲ್ಲೇ ಇರ್ತೀರಿ. ಜೀವನಪೂರ್ತಿ."

ಅವರು ಮೆಟ್ಟಿಲು ಹತ್ತಿಹೋದರು. ದೋಣಿ ಮೆಟ್ಟಿಲು ಇಳಿದು ಹೋದ. ನಗುಮುಖ ಹಿಂದೆಯೇ ಬಂದು, ಬೆಳಗಿನ ಬೀದಿಯವರಂತೆಯೇ, ಸಾಕ್ಸ್ ಒಂದರಲ್ಲೇ ಓಡಿಸಿ ನೋಡು ಎಂದ. ದೋಣಿ ಅವನ ಶೂಗಳನ್ನು ಕಿತ್ತು ಅವನ ಕೈಗೆ ಕೊಟ್ಟು, "ನನ್ನ ಪಾಡಿಗೆ ನನ್ನ ಬಿಟ್ಬಿಡು ಮಾರಾಯ" ಎಂದ. ನಗುಮುಖ ನಗುತ್ತಲೇ ಹೋದ.

ಊಟದ ಬಿಡುವಿನಲ್ಲಿ ಎಲ್ಲರೂ ಮೇಲಿದ್ದರು. ಕಾರನ್ನು ವಾಚ್‌ಮನ್ ತಳ್ಳಿಸಿ ನೆಲಮಾಳಿಗೆಯ ಕಂಬಗಳ ನಡುವೆ ನಿಲ್ಲಿಸಿದ್ದ. ದೋಣಿ ತನ್ನ ಕಪ್ಪು ಶೂಗಳನ್ನೇ ಮತ್ತೆ ಹಾಕಿಕೊಂಡು ಅದರ ಬಾಗಿಲು ತೆರೆದು, ಓಡಿಸುವುದಕ್ಕಲ್ಲ, ಸುಮ್ಮನೆ ನೋಡುವುದಕ್ಕೆ ಕುಳಿತ. ಇಷ್ಟು ಹೊತ್ತು ಎಲ್ಲರೂ ಅವನ ಕಾಲನ್ನು ಬೈದಿದ್ದರು. ಕಾಲು ಇರಬೇಕಾದ ಜಾಗವನ್ನು ಯಾರೂ ನೋಡಿರಲಿಲ್ಲ.

ಮೊದಲು ಅವನ ಕಣ್ಣಿಗೆ ಬಿದ್ದದ್ದು ಕಾಲ ಕೆಳಗಿನ ಮ್ಯಾಟು. ಒಂದರ ಮೇಲೊಂದು ಎರಡು ಹಾಸಿದ್ದರು. ಎರಡನ್ನೂ ಎಳೆದು ಹಾಕಿದ. ಹಿಮ್ಮಡಿ ಕೆಳಗಿಳಿಯಿತು, ಶೂವಿನ ಮೂತಿಗೂ ಮೇಲಿನ ತಗಡಿಗೂ ನಡುವೆ ಬೆರಳು ಹೋಗುವಷ್ಟು ಜಾಗವಾಯಿತು. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದ. ಸ್ಟೀರಿಂಗಿನ ಕೆಳಗಿದ್ದ ಹಿಡಿಯನ್ನು ಬಿಟ್ಟು ಅದನ್ನು ಮೇಲಕ್ಕೆತ್ತಿದ. ಮಂಡಿಗೆ ಉಸಿರು ಬಂತು. ಬಲಗಾಲನ್ನು ಎತ್ತಿ ಎತ್ತಿ ಇಡುವುದೇ ತಪ್ಪು ಎಂದು ಆಮೇಲೆ ಹೊಳೆಯಿತು. ಹಿಮ್ಮಡಿಯನ್ನು ಬ್ರೇಕಿನ ಎದುರಿಗೆ ನೆಲಕ್ಕೆ ಊರಿ, ಬಾಗಿಲ ಕೀಲಿನಂತೆ ಪಾದವನ್ನಷ್ಟೇ ತಿರುಗಿಸಿದರೆ ಆಕ್ಸಿಲರೇಟರ್ ತಾನಾಗಿ ಬೆರಳ ಕೆಳಗೆ ಬರುತ್ತಿತ್ತು. ಎಡಗಾಲಿಗೆ ಕ್ಲಚ್ಚಿನ ಕೆಲಸವಿಲ್ಲದಾಗ ಹಿಂದಕ್ಕೆ ಎಳೆದುಕೊಂಡರೆ ಸೀಟಿನ ಬುಡದಲ್ಲಿ ಜಾಗವಿತ್ತು.

ಉಳಿದದ್ದು ಶೂವಿನ ಅಂಚು. ಚಮ್ಮಾರ ಅಂದಕ್ಕೆಂದು ಅಡಿಯನ್ನು ಸುತ್ತಲೂ ಹೊರಗೆ ಚಾಚಿ ಹೊಲಿದಿದ್ದ. ಅದೇ ಅಂಚು ಎರಡು ಪೆಡಲನ್ನೂ ಒಟ್ಟಿಗೆ ತುಳಿಯುತ್ತಿತ್ತು. ದೋಣಿ ಪೆಟ್ಟಿಗೆ ಸೀಳುವ ಬ್ಲೇಡನ್ನು ತಂದು ಮಡಿಲಲ್ಲಿ ಶೂ ಇಟ್ಟುಕೊಂಡು ಸ್ವಲ್ಪ ಹೊತ್ತು ಹಾಗೇ ಕುಳಿತ. ಅವನು ತನಗಾಗಿ ಮಾಡಿಸಿಕೊಂಡ ಒಳ್ಳೆಯ ವಸ್ತು ಅದೊಂದೇ. ಆಮೇಲೆ ಅಂಚನ್ನು ಸುತ್ತಲೂ ಕೊಯ್ದು ತೆಗೆದ. ಶೂ ನೋಡಲು ಇಲಿ ಕಡಿದ ಹಾಗಾಯಿತು.

ಕಾರು ಚಾಲೂ ಮಾಡಿ ಕಂಬಗಳ ಸುತ್ತ ಒಂದು ಸುತ್ತು ಬಂದ. ಇನ್ನೊಂದು ಸುತ್ತು ಬಂದ. ನಿಲ್ಲಿಸಿದ, ಹೊರಟ, ಹಿಂದಕ್ಕೆ ತೆಗೆದ, ಮತ್ತೆ ಹೊರಟ. ಎಲ್ಲೂ ತಗಲಲಿಲ್ಲ, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಬಸ್ಸಿನ ಮೆಟ್ಟಿಲು, ಸಿನಿಮಾ ಮಂದಿರದ ಸಾಲು, ಬೀಗರ ಮನೆಯ ಬಾಗಿಲು, ಎಲ್ಲಿ ಹೋದರೂ ಕಾಲು ಎಲ್ಲಿ ಇಟ್ಟುಕೊಳ್ಳಲಿ ಎಂದು ನಾಚಿಕೊಂಡೇ ಬದುಕಿದವನ ಎರಡು ಪಾದಗಳಿಗೂ ಅವತ್ತು ಜಾಗ ಸಿಕ್ಕಿತ್ತು. ಅವನಿಗೆ ಅಳು ಬರುವಷ್ಟು ಸಂತೋಷವಾಯಿತು.

ಮಧ್ಯಾಹ್ನ ಮ್ಯಾನೇಜರ್ ಹಿಂದಿನ ಸೀಟಿನಲ್ಲಿ ಎರಡು ದಿಂಬು ಇಟ್ಟುಕೊಂಡು, ಮುಂದಿನ ಸೀಟನ್ನು ಒಂದು ಕೈಯಲ್ಲೂ ಬಾಗಿಲನ್ನು ಇನ್ನೊಂದು ಕೈಯಲ್ಲೂ ಬಿಗಿಯಾಗಿ ಹಿಡಿದು ಕುಳಿತರು. ಹಲ್ಲು ಕೀಳಿಸಿಕೊಳ್ಳಲು ಬಂದವರ ಮುಖ ಅದು. ಕಾರು ಹೊರಟದ್ದು ಅವರಿಗೆ ಗೊತ್ತಾಗಲಿಲ್ಲ.

"ಹೊರಡಿ ಮತ್ತೆ" ಎಂದರು.

"ಹೊರಟಾಯ್ತು ಸಾರ್. ಗೇಟು ದಾಟಿದ್ವಿ."

ಅವರು ಕಿಟಕಿಯಾಚೆ ನೋಡಿದರು. ರಸ್ತೆಯ ಉಬ್ಬು ಬಂತು. ದೋಣಿ ಅದನ್ನು ಮಲಗಿದ ಹಸುವನ್ನು ದಾಟುವಂತೆ ದಾಟಿದ. ಪಕ್ಕದ ಸಂದಿಯಿಂದ ನಾಯಿ ನುಗ್ಗಿತು. ಪಾದ ತಿರುಗಿತು, ಕಾರು ನಿಧಾನವಾಯಿತು, ನಾಯಿ ಕೂಡ ಆಶ್ಚರ್ಯದಿಂದ ತಿರುಗಿ ನೋಡಿಕೊಂಡು ಹೋಯಿತು. ಅಗೆದು ಬಿಟ್ಟ ರಸ್ತೆಯಲ್ಲಿ ಗೇರು ಬದಲಾದದ್ದು ಸದ್ದಿನಲ್ಲಷ್ಟೇ ತಿಳಿಯುತ್ತಿತ್ತು. ಮ್ಯಾನೇಜರ್ ಮೊದಲು ಬಾಗಿಲು ಬಿಟ್ಟರು. ಆಮೇಲೆ ಸೀಟು ಬಿಟ್ಟರು. ಊರು ದಾಟುವ ಹೊತ್ತಿಗೆ ಹಿಂದಿನಿಂದ ಗೊರಕೆ ಕೇಳಿಸಿತು.

ಡಿಪೋದಲ್ಲಿ ಎಬ್ಬಿಸಿದಾಗ ಅವರು ಎಲ್ಲಿದ್ದೇನೆಂದು ತಿಳಿಯದೆ ಕಣ್ಣು ಪಿಳಿಪಿಳಿ ಬಿಟ್ಟರು. ಇಳಿದು ನಿಂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗಿ ನೋಡಿಕೊಂಡರು. ಬೆನ್ನು ಏನೂ ಅನ್ನಲಿಲ್ಲ. ಬರುವಾಗ ಅವರು ಕುಳಿತದ್ದೇ ಕಣ್ಣು ಮುಚ್ಚಿದರು. ಆಫೀಸಿನ ಮುಂದೆ ಇಳಿದು, "ಸಂಜೆ ನನ್ನ ರೂಮಿಗೆ ಬನ್ನಿ. ತೀರ್ಮಾನ ಆಗಿಹೋಯ್ತು" ಎಂದು ಅವನ ಭುಜ ತಟ್ಟಿದರು. ಮ್ಯಾನೇಜರ್ ಯಾರ ಭುಜವನ್ನೂ ತಟ್ಟಿದವರಲ್ಲ.

ದೋಣಿ ಹೆಂಡತಿಗೆ ಫೋನ್ ಮಾಡಿದ. "ನೀನು ಅಕ್ಕಂಗೆ ಹೇಳಿದ್ದು ಸುಳ್ಳಾಗಲ್ಲ ಬಿಡು" ಎಂದ. ಅವಳು, "ಕಿಟಕಿ ಕೋಣೆ ತಾನೇ?" ಎಂದಳು. "ಕಿಟಕಿ ಕೋಣೆಯೇ" ಎಂದ. ಆಫೀಸಿನವರು ಬಂದು ಕೈ ಕುಲುಕಿದರು. ನಗುಮುಖ ಎಲ್ಲರಿಗಿಂತ ಹೆಚ್ಚು ಹೊತ್ತು ಕುಲುಕಿದ.

ಸಂಜೆ ಮ್ಯಾನೇಜರ್ ಎದ್ದು ನಿಂತು ಅವನನ್ನು ಬರಮಾಡಿಕೊಂಡರು.

"ಕೂತ್ಕೊಳ್ಳಿ. ಬೆನ್ನುನೋವು ಶುರುವಾದಾಗಿಂದ ನಾನು ಹಗಲು ಹೊತ್ತು ಕಣ್ಣು ಮುಚ್ಚಿದ್ದು ಇವತ್ತೇ. ಎಷ್ಟು ಡ್ರೈವರುಗಳನ್ನ ನೋಡಿದೀನಿ, ಒಬ್ಬನಿಗೂ ಈ ಕಾಲಿಲ್ಲ."

"ತಮ್ಮ ದಯೆ ಸಾರ್."

"ದಯೆ ಎಂಥದ್ದು, ಇದು ನಿಮ್ಮ ವಿದ್ಯೆ. ಹೇಳಿ, ಇಂಥ ವಿದ್ಯೆ ಇರೋರನ್ನ ಅಂಗಡಿ ಅಂಗಡಿ ಸುತ್ತೋಕೆ ಹಾಕೋದು ನ್ಯಾಯಾನಾ? ಆಫೀಸರ್ ಯಾರು ಬೇಕಾದ್ರೂ ಆಗ್ತಾರೆ. ಇಂಥ ಡ್ರೈವರ್ ಎಲ್ಲಿ ಸಿಗ್ತಾನೆ? ನಾಳೆಯಿಂದ ಕಂಪನಿ ಕಾರು ನಿಮ್ಮ ಕೈಲಿ."

ದೋಣಿ ಕುರ್ಚಿಯ ತುದಿಗೆ ಸರಿದ. "ಸಾರ್, ಆಫೀಸರ್ ಕೆಲಸ..." ಎಂದ.

"ಅದಕ್ಕೆ ಡ್ರೈವಿಂಗ್ ಬರ್ಬೇಕು ಅಂತ ಇದ್ದಿದ್ದೇ ನಮ್ಮ ಹತ್ರ ಡ್ರೈವರ್ ಇರ್ಲಿಲ್ಲ ಅಂತ. ಈಗ ನೀವಿದೀರಲ್ಲ, ಆ ಷರತ್ತು ತೆಗೆದುಹಾಕಿದೆ. ಲೆಕ್ಕಪತ್ರದ ಆ ನಗುನಗ್ತಾ ಇರ್ತಾರಲ್ಲ, ಅವರನ್ನೇ ಮಾಡಿದೀನಿ. ಅಂಗಡಿಯವರ ಹತ್ರ ನಗ್ತಾ ಮಾತಾಡೋರೇ ಬೇಕು ಅದಕ್ಕೆ."

"ಸಾರ್, ನಂಗೆ ಉಗ್ರಾಣದ ಧೂಳು ಆಗಲ್ಲ. ಡಾಕ್ಟರು ಹೇಳಿದಾರೆ. ಕೆಮ್ಮು..."

"ಅದರ ಚಿಂತೆ ಬೇಡ. ಉಗ್ರಾಣ ನಿಮ್ಮಿಂದ ನಾನು ಕಿತ್ಕೊಳ್ಳಲ್ಲ. ಅದೂ ನಿಮ್ಮ ಹತ್ರಾನೇ ಇರುತ್ತೆ. ಕಾರೂ ಅಲ್ಲೇ ಕೆಳಗೇ ನಿಂತಿರುತ್ತೆ, ಕರೆದಾಗ ಬಂದ್ರಾಯ್ತು. ಸ್ವಲ್ಪ ಬೆನ್ನು ಹಿಡಿದ ಹಾಗಾಗ್ತಿದೆ, ನಾನು ಏಳ್ತೀನಿ."

ಚೆನ್ನಾಗಿ ಓಡಿಸಿರದಿದ್ದರೆ ಉಗ್ರಾಣ ಒಂದೇ ಉಳಿಯುತ್ತಿತ್ತು. ಚೆನ್ನಾಗಿ ಓಡಿಸಿದ್ದಕ್ಕೆ ಉಗ್ರಾಣದ ಜೊತೆಗೆ ಕಾರೂ ಬಂತು. ಮೆಟ್ಟಿಲು ಇಳಿಯುವಾಗ ದೋಣಿಗೆ ಮ್ಯಾನೇಜರ ಮೇಲೂ ನಗುಮುಖನ ಮೇಲೂ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ಬಂದದ್ದು ಊಟ ಬಿಟ್ಟು ಕಂಬ ಸುತ್ತಿದ ತನ್ನ ಮೇಲೆಯೇ.

ಕೆಳಗೆ ನಗುಮುಖ ಕಾರಿನ ಹಿಂದಿನ ಬಾಗಿಲ ಬಳಿ ನಿಂತಿದ್ದ. ಬಾಗಿಲನ್ನು ತಾನೇ ತೆರೆಯಬೇಕೋ ಯಾರಾದರೂ ತೆರೆಯಲು ಕಾಯಬೇಕೋ ಎಂದು ಅವನಿಗಿನ್ನೂ ಗೊತ್ತಾಗಿರಲಿಲ್ಲ.

"ನಾನಾಗಿ ಕೇಳಿದ್ದಲ್ಲ ಕಣೋ. ಅವರೇ ಕರೆದು ಕೊಟ್ರು" ಎಂದ. ಆಮೇಲೆ, "ನನ್ನನ್ನ ಮನೆಗೆ ಬಿಟ್ಟು ಹೋಗ್ಬೇಕಂತೆ. ಸಾಹೇಬ್ರೇ ಹೇಳಿದ್ರು" ಎಂದು ಸೇರಿಸಿದ. ಕೊನೆಗೆ ತಾನೇ ಬಾಗಿಲು ತೆರೆದು ಕುಳಿತ.

ಕಾರು ಹೊರಟಿತು. ಹಿಂದಿನ ಸೀಟಿನಲ್ಲಿ ನಗುಮುಖ ಮೊದಲು ತುದಿಯಲ್ಲಿ ಕುಳಿತಿದ್ದ, ಆಮೇಲೆ ಒರಗಿಕೊಂಡ, ಆಮೇಲೆ ಕಾಲ ಮೇಲೆ ಕಾಲು ಹಾಕಿದ. ದೋಣಿ ಕೆಮ್ಮಿದ. ಗಾಳಿ ಬರಲೆಂದು ತನ್ನ ಪಕ್ಕದ ಕಿಟಕಿ ಇಳಿಸಿದ.

"ಅದನ್ನ ಹಾಕ್ತೀರಾ ದೋಣಿಯವರೇ, ಹಿಂದುಗಡೆ ಧೂಳು ಬರುತ್ತೆ" ಎಂದ ನಗುಮುಖ.

ಕಾರು ಹತ್ತುವವರೆಗೆ ದೋಣಿ, ಈಗ ದೋಣಿಯವರೇ. ಕಿಟಕಿ ಮೇಲೇರಿಸುತ್ತ ದೋಣಿ ಹಲ್ಲು ಕಚ್ಚಿದ. ಒಂದೇ ಒಂದು ಸಲ. ಮುಂದಿನ ಸಿಗ್ನಲ್ಲಿನಲ್ಲಿ ಒಂದೇ ಒಂದು ಸಲ ಬೆಳಗ್ಗೆ ಒತ್ತಿದ ಹಾಗೆ ಎರಡು ಪೆಡಲನ್ನೂ ಒಟ್ಟಿಗೆ ತುಳಿದುಬಿಡಬೇಕು. ಆ ನಗು ಹೋಗಿ ಮುಂದಿನ ಸೀಟಿನ ಬೆನ್ನಿಗೆ ಬಡಿಯಬೇಕು. ನಾಳೆ ಅವನೇ ಹೋಗಿ ಮ್ಯಾನೇಜರಿಗೆ ದೂರು ಹೇಳಬೇಕು, ಈ ಕಾಲು ಕಾರಿಗೆ ಲಾಯಕ್ಕಲ್ಲ ಎಂದು. ಆಮೇಲೆ ಆದದ್ದಾಗಲಿ.

ಸಿಗ್ನಲ್ ಬಂತು. ಕೆಂಪು ದೀಪ ಹತ್ತಿತು. ದೋಣಿ ಉಸಿರು ಬಿಗಿಹಿಡಿದು ಕಾಲಿಗೆ ಅಪ್ಪಣೆ ಕೊಟ್ಟ.

ಹಿಮ್ಮಡಿ ನೆಲ ಬಿಟ್ಟು ಏಳಲಿಲ್ಲ. ಪಾದ ತಾನಾಗಿ ಮೆಲ್ಲಗೆ ತಿರುಗಿ ಬ್ರೇಕಿನ ಮೇಲೆ ಕುಳಿತು, ಬೇಕಾದಷ್ಟೇ ಒತ್ತಿತು. ಕಾರು ಗೆರೆಯ ಮೇಲೆ ಬಂದು ನಿಂತದ್ದು ಯಾರಿಗೂ ಗೊತ್ತಾಗಲಿಲ್ಲ. ಎಲ್ಲಿ ಹೋದರೂ ಅವನ ಮಾನ ಕಳೆದ ಆ ಹಾಳು ಕಾಲು, ಕಡೆಗೂ ಅವನ ಮಾತು ಮೀರಿ, ಒಳ್ಳೆಯ ಕೆಲಸ ಕಲಿತುಬಿಟ್ಟಿತ್ತು.

"ಏನು ಹಾಯಾಗಿ ಓಡಿಸ್ತೀರಿ" ಎಂದು ಹಿಂದಿನಿಂದ ನಗುಮುಖ ಆಕಳಿಸಿದ. "ನಾಳೆ ಬೆಳಗ್ಗೆ ಬೇಗ ಬಂದ್ಬಿಡಿ. ಊರು ತುಂಬ ಅಂಗಡಿಗಳಿವೆ."